ಅಕ್ಕನ ಮಗಳು

೧೯ ಜನವರಿ ೨೦೨೫, ಭಾನುವಾರ

ಹಾಲಿನ ಸಂಘದ ಹಳೆಯ ರಿಜಿಸ್ಟರಿನ ಕೊನೆಯಲ್ಲಿ ನಲವತ್ತು ಹಾಳೆ ಖಾಲಿ ಉಳಿದಿದ್ದವು. ಬಿಚ್ಚಿಕೊಂಡು ದಾರ ಹಾಕಿ ಹೊಲಿದುಕೊಂಡೆ. ಹನ್ನೆರಡು ವರ್ಷದಿಂದ ಊರಿನವರ ಹಾಲಿಗೆಲ್ಲ ನೀರು ಬೆರೆತಿದೆಯಾ ಎಂದು ಡಿಗ್ರಿ ನೋಡಿ ಬರೆದಿದ್ದೇನೆ, ಕೊನೆಗೆ ನನ್ನದೂ ಒಂದಿಷ್ಟು ಬರೆದುಕೊಂಡರೆ ಯಾರ ಗಂಟೂ ಹೋಗುವುದಿಲ್ಲ.

ನಮ್ಮವರ ಹಡಗಿನ ಕಂಪನಿಯಿಂದ ಕಾಗದ ಬಂತು. ಕೆಲಸಗಾರರ ಮನೆಯವರು ಸಿಂಗಾಪುರದಿಂದ ಐದು ದಿನ ಹಡಗಿನಲ್ಲಿ ಪ್ರಯಾಣ ಮಾಡಬಹುದಂತೆ. ಹೋದ ತಿಂಗಳು ಫೋನಿನಲ್ಲಿ 'ಬರ್ತೀಯಾ?' ಎಂದು ಕೇಳಿದ್ದರು, ಟೀ ಕುಡೀತೀಯಾ ಅನ್ನುವ ಹಾಗೆ. 'ಬತ್ತೀನಿ' ಎಂದುಬಿಟ್ಟೆ. ಆ ಕಡೆ ಸದ್ದೇ ಇಲ್ಲ. ಬೇಡ ಅನ್ನುತ್ತಾಳೆ ಎಂದು ನಂಬಿಕೊಂಡು ಕೇಳಿದ್ದರು ಅಂತ ಕಾಣುತ್ತದೆ. ಸ್ವಲ್ಪ ಹೊತ್ತಾದ ಮೇಲೆ 'ಸರಿ ಆಗಾದ್ರೆ' ಅಂದರು.

ಸಮುದ್ರ ನೋಡುವ ಆಸೆ ನನಗಿಲ್ಲ. ಒಂದೇ ಒಂದು ಮಾತು ಕೇಳಬೇಕು: ನಾನು ನಿಮಗೆ ಬೇಕಾ, ಬೇಡವಾ? ಒಂಬತ್ತು ವರ್ಷವಾಯಿತು ಅವರು ಹಡಗು ಸೇರಿ. ಅಲ್ಲಿ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ. ವರ್ಷಕ್ಕೆ ಎರಡು ತಿಂಗಳು ಮನೆಗೆ ಬರುತ್ತಾರೆ. ನಲ್ಲಿ ರಿಪೇರಿ ಮಾಡುತ್ತಾರೆ, ಕೊಟ್ಟಿಗೆಗೆ ತಗಡು ಹೊದಿಸುತ್ತಾರೆ, ನಡುಮನೆಯಲ್ಲಿ ಬೇರೆ ಚಾಪೆ ಹಾಸಿಕೊಂಡು ಮಲಗುತ್ತಾರೆ, ಹೊರಟುಹೋಗುತ್ತಾರೆ. ಫೋನಿನಲ್ಲಿ ಕೇಳಲು ಹೋದರೆ ಸಿಗ್ನಲ್ ಇಲ್ಲ ಎಂದು ಕತ್ತರಿಸುತ್ತಾರೆ. ಹಡಗಿನಲ್ಲಿ ಎಲ್ಲಿಗೆ ಓಡುತ್ತಾರೆ, ನೋಡೋಣ.

ಅಮ್ಮನಿಗೆ ಇದು ಇಷ್ಟವಿಲ್ಲ. ನಮ್ಮವರು ಅಮ್ಮನ ಒಬ್ಬನೇ ತಮ್ಮ. ಅಕ್ಕನ ಮಗಳನ್ನು ತಮ್ಮನಿಗೆ ತಂದುಕೊಳ್ಳುವುದು ನಮ್ಮ ಕಡೆ ಹೊಸದೇನಲ್ಲ. ಚಿಕ್ಕವಳಿದ್ದಾಗ 'ಆದಿ ಮಾವಾ, ಆದಿ ಮಾವಾ' ಎಂದು ದಿನಕ್ಕೆ ನೂರು ಸಲ ಕೂಗಿಕೊಂಡು ಅವರ ಬೆನ್ನು ಹತ್ತಿ ತಿರುಗುತ್ತಿದ್ದೆ. ಇಪ್ಪತ್ತೆರಡಕ್ಕೆ ತಾಳಿ ಬಿತ್ತು. ಅವತ್ತೇ ಅಜ್ಜಿ ಕಿವಿ ಹಿಂಡಿ ಹೇಳಿದಳು, 'ಇವತ್ತಿಂದ ಎಸ್ರಿಡ್ದು ಕೂಗ್ಬಾರ್ದು, ನೀನು ಗೀನು ಅನ್ಬಾರ್ದು. ಗಂಡ ಕಣೆ ಅವ್ನು.' ಅವತ್ತಿನಿಂದ ಬಾಯಿಗೆ ಬೀಗ. ಈಗ ಬರೆಯುವಾಗಲೂ ಕೈ ಹಿಂದೆ ಮುಂದೆ ನೋಡಿತು.

೨೮ ಜನವರಿ, ಮಂಗಳವಾರ

ಬೆಳಗಿನ ಹಾಲು ಮುಗಿಸಿ ಬಂಗಾರಪೇಟೆಯಿಂದ ರೈಲಿನಲ್ಲಿ ಕೆಜಿಎಫ್‌ಗೆ ಹೋದೆ. ರಾಬರ್ಟ್‌ಸನ್‌ಪೇಟೆಯಲ್ಲಿ ಬಳೆ ಅಂಗಡಿಯ ಮೇಲಿನ ಮಹಡಿಯಲ್ಲಿ ಮುನೇಶ್ ಎಂಬ ಏಜೆಂಟನ ಆಫೀಸು. ವೀಸಾ ಕೆಲಸ ಅವನದು. ಹುಡುಗ ಚುರುಕು, ಆದರೆ ಬಾಯಿ ತುಂಬ ಚೂಯಿಂಗ್ ಗಮ್.

ಫಾರಂ ತುಂಬುತ್ತಾ 'ಅಡಗ್ನಾಗಿರೋರ ಎಸ್ರು?' ಅಂದ. ನಾನು ಸುಮ್ಮನೆ ಅವರ ಆಧಾರ್ ಜೆರಾಕ್ಸ್ ಮುಂದಿಟ್ಟೆ. ನಕ್ಕ. 'ಈ ಕಾಲ್ದಾಗೂ ಇದೆಲ್ಲ ಐತಾ ಅಕ್ಕಾ?' ಎಂದ. ಇದೆ, ನಿನಗೇನು ಕಷ್ಟ, ಓದಿ ಬರಕೋ ಅಂದೆ.

ಆಮೇಲೆ ಕಂಪನಿಯ ಕಾಗದ ತೆಗೆದು ಓದಿದ. ನನ್ನ ಕತ್ತು ನೋಡಿದ, ಮತ್ತೆ ಕಾಗದ ನೋಡಿದ.

'ಇವ್ರು ನಿಮ್ಗೇನಾಗ್ಬೇಕು?'

'ನಮ್ಮನೆಯೋರು.'

'ಸರಿ ಬಿಡಿ. ಅವ್ರ ಕಾಗದ್ದಾಗೆ ಎಂಗೈತೋ ಅಂಗೇ ಆಕ್ತೀನಿ.'

ಅದೇನು ಸರಿಯೋ. ಕಾಗದ ಇಂಗ್ಲಿಷಿನಲ್ಲಿದೆ. ನಾನು ಕನ್ನಡದಲ್ಲಿ ಎಸ್ಸೆಸ್ಸೆಲ್ಸಿ ಪಾಸಾದವಳು. ಅದರಲ್ಲಿ ನನ್ನ ಹೆಸರು ಇದೆ, ಅವರ ಹೆಸರು ಇದೆ, ತಾರೀಕು ಇದೆ. ಅಷ್ಟು ನೋಡಿಕೊಂಡೆ.

ಅಲ್ಲೇ ಅಮ್ಮಾಜಮ್ಮ ಸಿಕ್ಕಿದಳು. ಊರಿಗಾಂ ಗಣಿ ಲೈನ್ ಮನೆಯವಳು, ಅರವತ್ತೆರಡು ವರ್ಷ, ಗಂಡ ಗಣಿಯಲ್ಲಿದ್ದು ತೀರಿಕೊಂಡವನು. ಮಗ ಸೆಲ್ವರಾಜ್ ಅದೇ ಹಡಗಿನ ಅಡುಗೆಮನೆಯಲ್ಲಿದ್ದಾನೆ. ಅವಳೂ ಬರುತ್ತಾಳಂತೆ. ಹೆದರಿಕೆ ಅನ್ನುವುದೇ ಇಲ್ಲ ಆ ಹೆಂಗಸಿಗೆ. 'ನಾಮ ರೆಂಡು ಪೇರುಂ, ಇಬ್ರೂ ಒಂದೇ ರೂಮು. ಬಾ ಡೀ, ಒಂದ್ ಕೈ ನೋಡೋಣ' ಎಂದು ನನ್ನ ಬೆನ್ನಿಗೆ ಗುದ್ದಿದಳು. ಇನ್ನೂ ನೋಯುತ್ತಿದೆ.

ಆದರೆ ಬರುವಾಗ ರೈಲಿನಲ್ಲಿ ಯೋಚನೆ ಬಂತು. ನಾನು ಹೋದರೆ ನಮ್ಮವರ ಕೋಣೆಯಲ್ಲಿ ಇರಬೇಕಲ್ಲವಾ? ಅಮ್ಮಾಜಮ್ಮನ ಜೊತೆ ಯಾಕೆ?

೮ ಫೆಬ್ರವರಿ, ಶನಿವಾರ

ವೀಸಾ ಬಂತು.

ರೂಮಿನ ವಿಷಯ ಫೋನಿನಲ್ಲಿ ಕೇಳಿದೆ. ಕೆಲಸಗಾರರ ಕೋಣೆ ಚಿಕ್ಕದು, ಇಬ್ಬರು ಮಲಗುತ್ತೇವೆ, ಅದಕ್ಕೆ ಅಂದರು. ಸರಿ. ಇರಬಹುದು.

ಅಮ್ಮ ಬೆಳಗಿನಿಂದ ಅವರೆಕಾಳು ನೆನೆಹಾಕಿ ಬೇಳೆ ಹಿತುಕುತ್ತಾ ಕೂತಿದ್ದಾಳೆ. ತಮ್ಮನಿಗೆ ಹಿತಕಿದ ಬೇಳೆ ಎಂದರೆ ಪ್ರಾಣ. ಎಣ್ಣೆಯಲ್ಲಿ ಹುರಿದು ಡಬ್ಬಿಗೆ ತುಂಬಿ ಕೊಡುತ್ತಾಳಂತೆ. ಹಿತುಕುತ್ತಲೇ ಹೇಳಿದಳು, 'ಮುನೀ, ಅಲ್ಲೋಗಿ ಜಗಳ ಗಿಗಳ ತೆಗೀಬ್ಯಾಡ. ಮನ್ಸು ನೋಯ್ಸಬ್ಯಾಡ ಅವುಂದು. ಇರೋನು ಒಬ್ನೇ ತಮ್ಮ ಕಣೆ ನಂಗೆ.'

ನನ್ನ ಮನಸ್ಸು? ಅದನ್ನು ಯಾವ ಡಬ್ಬಿಗೆ ತುಂಬಲಿ ಎಂದು ಕೇಳಬೇಕು ಅನಿಸಿತು. ಕೇಳಲಿಲ್ಲ. ಅವಳ ಬೆರಳ ತುದಿಗಳು ನೆನೆದು ನೆನೆದು ಬೆಳ್ಳಗಾಗಿದ್ದವು. ಪಕ್ಕದಲ್ಲಿ ಕೂತು ನಾನೂ ಹಿತುಕಿದೆ.

೧೨ ಫೆಬ್ರವರಿ, ಬುಧವಾರ

ನಾಳೆ ಹೊರಡುವುದು. ಅಮ್ಮ ಒಬ್ಬಳ ಕೈಲಿ ಆಗುವುದಿಲ್ಲ ಎಂದು ಹಸು ಕರೆಯುವುದನ್ನು ಪಕ್ಕದ ಮನೆ ಕವಿತಳಿಗೆ ಒಪ್ಪಿಸಿದೆ. ಕರಿ ಹಸು ಎಡಗಡೆಯಿಂದ ಕೂತರೆ ಒದೆಯುತ್ತದೆ ಎಂದು ಮೂರು ಸಲ ಹೇಳಿದೆ. 'ಅಕ್ಕಾ, ನೀವ್ ಓಗ್ಬಿಟ್ಟು ಬನ್ನಿ, ಅದು ಒದ್ರೆ ನಾನೂ ಒದೀತೀನಿ' ಅಂದಳು.

ಅವಳೇ ಕೇಳಿದಳು, 'ಅಣ್ಣಂಗೆ ಅಲ್ಲಿ ಯಾರಾದ್ರೂ ಅವ್ರಾ ಅಂತ ನೋಡೋಕೋಗ್ತಿದ್ದೀರಾ?' ಕೆನ್ನೆಗೆ ಬಿಡಬೇಕು ಅನಿಸಿತು. ಊರೆಲ್ಲ ಇದನ್ನೇ ಮಾತಾಡಿಕೊಳ್ಳುತ್ತಿದೆ ಎಂದು ಅವಳ ಮುಖ ನೋಡಿದರೇ ಗೊತ್ತಾಯಿತು.

ಹೌದು, ಅದನ್ನೇ ನೋಡಲು ಹೋಗುತ್ತಿದ್ದೇನೆ. ಇಲ್ಲಿ ಬರೆಯಲು ಏನು ನಾಚಿಕೆ.

ನಮ್ಮ ಮಗು ಹನ್ನೊಂದು ದಿನ ಇತ್ತು. ೨೦೧೫ರ ದೀಪಾವಳಿಗೆ ಮುಂಚೆ. ಅದು ಹೋದ ಮೇಲೆ ಆರು ತಿಂಗಳಿಗೆ ಅವರು ಹಡಗು ಸೇರಿದರು. ಅವತ್ತಿನಿಂದ ನನ್ನ ಮುಖವನ್ನು ನೇರವಾಗಿ ನೋಡಿ ಮಾತಾಡಿದ್ದು ನೆನಪಿಲ್ಲ. ಇದನ್ನು ಹತ್ತು ವರ್ಷದಲ್ಲಿ ಮೊದಲ ಸಲ ಬರೆಯುತ್ತಿದ್ದೇನೆ.

೧೪ ಫೆಬ್ರವರಿ, ಶುಕ್ರವಾರ. ಸಿಂಗಾಪುರ

ದೇವರೇ, ಇದಕ್ಕೆ ವಿದೇಶ ಪ್ರಯಾಣ ಅಂತ ಹೆಸರು ಬೇರೆ.

ವಿಮಾನ ಏಳು ಗಂಟೆ ತಡ. ದೇವನಹಳ್ಳಿಯ ಕುರ್ಚಿಯಲ್ಲಿ ಕೂತು ಕೂತು ಸೊಂಟ ಹಿಡಿಯಿತು. ತಪಾಸಣೆಯಲ್ಲಿ ತಾಳಿ, ಬಳೆ, ಕಾಲುಂಗುರ ಎಲ್ಲಕ್ಕೂ ಆ ಯಂತ್ರ ಕಿರುಚಿತು. ಪೊಲೀಸಮ್ಮ ಪರದೆ ಹಿಂದೆ ಕರೆದುಕೊಂಡು ಹೋಗಿ ಕತ್ತು ತಡವಿ ನೋಡಿ ಬಿಟ್ಟಳು. ಇಲ್ಲಿ ಇಳಿದರೆ ಅಮ್ಮಾಜಮ್ಮನ ಪೆಟ್ಟಿಗೆ ಬಂತು, ನನ್ನ ಬ್ಯಾಗು ಬರಲಿಲ್ಲ. ನನ್ನ ಸೀರೆಗಳು, ಹಿತಕಿದ ಬೇಳೆಯ ಡಬ್ಬಿ, ಅವರಿಗೆಂದು ತಂದ ಎರಡು ಶರಟು, ಎಲ್ಲ ಯಾವ ಊರಿಗೆ ಹೋದವೋ. ಕೌಂಟರಿನ ಹುಡುಗಿ ನಗುತ್ತಾ ಒಂದು ಚೀಟಿ ಕೊಟ್ಟಳು. ನಗುವಂಥದ್ದು ಏನಿತ್ತೋ.

ಓಡುವ ಮೆಟ್ಟಿಲ ಮುಂದೆ ನಾನು ನಿಂತುಬಿಟ್ಟೆ. ಕಾಲು ಇಡಲು ಆಗಲಿಲ್ಲ. ಹಿಂದೆ ಜನ ಸೇರಿದರು. ಅಮ್ಮಾಜಮ್ಮ ನನ್ನ ರಟ್ಟೆ ಹಿಡಿದಳು. 'ನಮ್ ಆಳು ಗಣಿ ಕೇಜ್‌ನಾಗೆ ನಿಂತ್ಕೊಂಡು ಭೂಮಿ ಒಳಿಕ್ಕೆ ಸಾವ್ರ ಸಾವ್ರ ಅಡಿ ಇಳೀತಿದ್ದ, ದಿನಾ. ನೀನು ಈ ಮೆಟ್ಲಿಗೆ ಎದ್ರುತೀಯಾ? ನಡಿಯಡೀ!' ಎಂದು ಎಳೆದೇಬಿಟ್ಟಳು. ಇಳಿದ ಮೇಲೆ ನನ್ನ ಉಗುರು ಅವಳ ಕೈಗೆ ನೆಟ್ಟಿದ್ದು ಕಂಡಿತು.

ಹೋಟೆಲಿಗೆ ಬಂದಾಗ ಮನೆಯಲ್ಲಿ ಸಂಜೆ ಹಾಲಿನ ಹೊತ್ತು. ಗಡಿಯಾರ ಇಲ್ಲಿಯ ಹೊತ್ತಿಗೆ ತಿರುಗಿಸಿಲ್ಲ, ತಿರುಗಿಸುವುದೂ ಇಲ್ಲ. ಹಡಗು ಸೋಮವಾರ ಬರುತ್ತದೆ.

೧೫ ಫೆಬ್ರವರಿ, ಶನಿವಾರ

ಅಮ್ಮಾಜಮ್ಮನ ನೈಟಿ ಹಾಕಿಕೊಂಡು ದಿನವೆಲ್ಲ ರೂಮಿನಲ್ಲೇ ಇದ್ದೆ. ನನ್ನಂಥ ಇಬ್ಬರು ಅದರೊಳಗೆ ಹೋಗಬಹುದು. ಕೆಳಗೆ ಬೀದಿ ತುಂಬ ಮಲ್ಲಿಗೆ ಹೂವಿನ ಅಂಗಡಿ, ತಮಿಳು ಮಾತು. ಇಷ್ಟು ದೂರ ಹಾರಿಬಂದು ರಾಬರ್ಟ್‌ಸನ್‌ಪೇಟೆಯಲ್ಲೇ ಇಳಿದ ಹಾಗಿದೆ.

ಬ್ಯಾಗು ಇಲ್ಲ.

ಸಂಜೆ ನಾನೇ ಕೆಳಗೆ ಹೋಗಿ ಇಬ್ಬರಿಗೂ ಇಡ್ಲಿ ತಂದೆ. ರಸ್ತೆ ದಾಟಲು ಹಸಿರು ದೀಪದ ಗುಂಡಿ ಒತ್ತಬೇಕು.

೧೬ ಫೆಬ್ರವರಿ, ಭಾನುವಾರ

ಹಡಗು ಹತ್ತುವ ಪಾಸನ್ನು ಕಾಗದದ ಮೇಲೆ ತೆಗೆಸಿಕೊಳ್ಳಬೇಕಿತ್ತು. ಹೋಟೆಲಿನ ರಿಸೆಪ್ಷನ್ ಹುಡುಗಿ ತಂಜಾವೂರಿನವಳು, ಒಳ್ಳೆಯ ಹುಡುಗಿ. ಪ್ರಿಂಟು ತೆಗೆದು ಸರಿಯಾಗಿದೆಯಾ ಎಂದು ತಮಿಳಿನಲ್ಲಿ ಒಂದೊಂದೇ ಸಾಲು ಓದಿ ಹೇಳಿದಳು. ಅಮ್ಮಾಜಮ್ಮನದು ಮೊದಲು. ಹೆಸರು, ಊರು, ಹಡಗಿನಲ್ಲಿರುವವನು ಸೆಲ್ವರಾಜ್, ಸಂಬಂಧ ತಾಯಿ.

ನನ್ನದು. ಹೆಸರು ಮುನಿಲಕ್ಷ್ಮಿ. ಹಡಗಿನಲ್ಲಿರುವವರು ಆದಿನಾರಾಯಣ. ಸಂಬಂಧ 'ನೀಸ್' ಅಂದಳು.

'ಅಂದ್ರೆ?'

'ಅಕ್ಕಾ ಪೊಣ್ಣು' ಅಂದಳು. ಅಕ್ಕನ ಮಗಳು.

ಅವಳ ಕಣ್ಣು ನನ್ನ ತಾಳಿಯ ಮೇಲಿತ್ತು. ಪಾಪ, ತಕ್ಷಣ ಬೇರೆ ಕಡೆ ನೋಡಿದಳು. ಮುನೇಶ್ ಅವತ್ತು ನನ್ನ ಕತ್ತು ನೋಡಿದ್ದು ಇದಕ್ಕೇ.

ಸುಳ್ಳೇನಲ್ಲವಲ್ಲ ಎಂದುಕೊಂಡೆ ಮೊದಲು. ನಾನು ಅವರ ಅಕ್ಕನ ಮಗಳೇ ತಾನೇ. ಆಮೇಲೆ ಆಫೀಸಿನವರು ತಪ್ಪು ಬರೆದಿರಬೇಕು ಎಂದುಕೊಂಡೆ. ಆಮೇಲೆ ಹೆಂಡತಿ ಅಂತ ಹಾಕಿದರೆ ರಜೆ ಕೊಡುವುದಿಲ್ಲವೇನೋ ಎಂದುಕೊಂಡೆ. ಹೀಗೆ ಒಂದರ ಮೇಲೊಂದು. ಸಂಘಕ್ಕೆ ನೀರು ಬೆರೆಸಿದ ಹಾಲು ತರುವವರು ಇದ್ದಾರೆ. ಹುಲ್ಲು ಹಸಿಯಿತ್ತು ಮೇಡಂ, ಕ್ಯಾನು ತೊಳೆದ ನೀರು ಉಳಿದಿತ್ತು ಮೇಡಂ ಎಂದು ಕತೆ ಹೇಳುತ್ತಾರೆ. ಅವರನ್ನು ನಿಂತ ಜಾಗದಲ್ಲೇ ವಾಪಸ್ ಕಳಿಸುವವಳು ನಾನು. ಇವತ್ತು ಅಂಥದ್ದೇ ಕತೆಗಳನ್ನು ನನಗೆ ನಾನೇ ಹೇಳಿಕೊಂಡೆ.

ಅಮ್ಮಾಜಮ್ಮ ಒಂದು ಬಾಳೆಹಣ್ಣು ಸುಲಿದು ಕೈಗಿಟ್ಟಳು. ತಿನ್ನಲು ಆಗಲಿಲ್ಲ.

೧೭ ಫೆಬ್ರವರಿ, ಸೋಮವಾರ

ಹಡಗು ಬರಲಿಲ್ಲ. ಹಿಂದಿನ ಬಂದರಿನಲ್ಲಿ ಗಾಳಿ ಜೋರಂತೆ, ಬುಧವಾರ ಬರುತ್ತದಂತೆ. ಮಧ್ಯಾಹ್ನ ಅವರೇ ಫೋನ್ ಮಾಡಿ ಹೇಳಿದರು. ಹೇಳಿದ್ದು ಹೇಳಿದ ಹಾಗೆ ಬರೆದಿಡುತ್ತೇನೆ, ನಾಳೆ ನಾನೇ ನನಗೆ ಸುಳ್ಳು ಹೇಳಿಕೊಳ್ಳಬಾರದು.

'ಪಾಸ್‌ನಾಗೆ ಅಕ್ಕನ ಮಗಳು ಅಂತ ಐತೆ. ನೋಡಿದ್ರಾ?' ಎಂದೆ.

ಸಿಗ್ನಲ್ ಹೋಯಿತು ಅನ್ನುತ್ತಾರೆ ಎಂದು ಕಾದೆ. ಅನ್ನಲಿಲ್ಲ.

'ನಾನೇ ಬರ್ಸಿದ್ದು' ಅಂದರು. 'ಸೇರ್ದ ವರ್ಸ ಒಬ್ಬ ಮೇಲಿನೋನು ಎಂಡ್ತಿ ಯಾರು ಅಂತ ಕೇಳ್ದ. ಅಕ್ಕನ ಮಗ್ಳು ಅಂದೆ. ರೂಮೆಲ್ಲ ನಗ್ತು ಮುನೀ. ಆರ್ ತಿಂಗ್ಳು ಅದನ್ನೇ ಆಡ್ಕೊಂಡ್ರು. ಇಲ್ಲಿಯೋರ್ಗೆ ನಮ್ ಪದ್ಧತಿ ಅರ್ಥ ಆಗಲ್ಲ. ಮುಂದಿನ್ ಸಲ ಮದ್ವೆ ಆಗಿಲ್ಲ ಅಂತ ಬರೆದೆ. ಮನೆಯೋರು ಯಾರು ಅಂದ್ರೆ ಅಕ್ಕನ ಮಗ್ಳು ಅಂತ ಬರೆದೆ.'

'ಎಷ್ಟ್ ವರ್ಸಾಯ್ತು?'

'ಎಂಟು.'

ಎಂಟು ವರ್ಷ. ನಾನು ಪ್ರತಿ ಶುಕ್ರವಾರ ಅವರ ಹೆಸರಿನಲ್ಲಿ ಅರಿಸಿನ ಕುಂಕುಮ ಇಟ್ಟುಕೊಂಡು ತಿರುಗಿದ ಎಂಟು ವರ್ಷ.

'ಈಗ ಐದೇ ದಿನ' ಅಂದರು. 'ತಾಳಿ ತೆಗ್ದು ಬ್ಯಾಗ್‌ನಾಗೆ ಇಟ್ಕೋ. ಕಾಲುಂಗ್ರಾನೂ. ಇಲ್ಲಿ ನಮ್ ಕಡೆಯೋರೂ ಅವ್ರೆ, ನೋಡ್ತಾರೆ. ಯಾರಾದ್ರೂ ಕೇಳಿದ್ರೆ ಅಕ್ಕನ ಮಗ್ಳು ಅನ್ನು. ಸುಳ್ಳೇನಲ್ವಲ್ಲ?'

ನಾನು ನಿನ್ನೆ ನನಗೆ ಹೇಳಿಕೊಂಡ ಮಾತೇ. ಅವರ ಬಾಯಲ್ಲಿ ಕೇಳಿದಾಗ ಅಸಹ್ಯವಾಯಿತು.

'ಅಲ್ಲಿ ಯಾರಾದ್ರೂ ಅವ್ರಾ?' ಎಂದು ಕೇಳಿಯೇಬಿಟ್ಟೆ. ಒಂಬತ್ತು ವರ್ಷದ ಮಾತು, ಹೀಗೆ ಹೋಟೆಲ್ ಮಂಚದ ಮೇಲೆ, ಇನ್ನೊಬ್ಬಳ ನೈಟಿಯಲ್ಲಿ.

'ಯಾರೂ ಇಲ್ಲ. ನಮ್ಮಮ್ಮನಾಣೆ ಇಲ್ಲ.'

ನಂಬಿದೆ. ಅವರಿಗೆ ಸುಳ್ಳು ಹೇಳಲು ಬರುವುದಿಲ್ಲ, ಅರ್ಧ ನಿಜ ಮಾತ್ರ ಹೇಳುತ್ತಾರೆ. ಅದಕ್ಕೇ ಉಳಿದ ಅರ್ಧವನ್ನೂ ಕೇಳಿದೆ. 'ಆಗಾದ್ರೆ ಊರಿಗೆ ಬಂದಾಗ ಯಾಕೆ ಬೇರೆ ಚಾಪೆ? ಅಲ್ಲಿ ನಗೋರು ಯಾರಿದ್ರು?'

ಆ ಕಡೆ ಬಟ್ಟೆ ಒಗೆಯುವ ಯಂತ್ರಗಳ ಗುರ್ ಗುರ್ ಸದ್ದು. ಅದರ ನಡುವೆ ಅವರು ಅತ್ತರು. ನಾನು ಅವರ ಅಳು ಕೇಳಿದ್ದು ಎರಡನೇ ಸಲ.

'ಅವತ್ತು ಆಸ್ಪತ್ರೇಲಿ ಡಾಕ್ಟ್ರು ಅಂದ್ರಲ್ಲ ಮುನೀ, ಅತ್ತಿರದ ರಕ್ತ, ಅದಕ್ಕೇ ಮಗು ಉಳೀಲಿಲ್ಲ ಅಂತ. ಅವತ್ತಿಂದ ನಿನ್ ಮುಖ ನೋಡಿದ್ರೆ ನಂಗೆ ಚಿಕ್ಕಂದ್ನಾಗೆ ನನ್ ಎಗಲ್ ಮೇಲೆ ಕೂತಿದ್ದ ಕೂಸೇ ಕಾಣ್ತಾಳೆ. ಎಂಡ್ತಿ ಕಾಣಲ್ಲ. ನಾನೇನ್ ಮಾಡ್ಲಿ ಏಳು. ಅಕ್ಕಂಗೆ ಎಂಗ್ ಏಳ್ಲಿ?'

ಫೋನ್ ಇಟ್ಟೆ. ಇನ್ನೊಬ್ಬಳು ಇದ್ದಿದ್ದರೆ ಜುಟ್ಟು ಹಿಡಿದು ಎಳೆಯಬಹುದಿತ್ತು. ಇದರ ಜುಟ್ಟು ಎಲ್ಲಿದೆ?

ಒಂದು ವಿಷಯ ಬರೆಯಲೇಬೇಕು. ಡಾಕ್ಟರು ಹೇಳಿದ್ದನ್ನು ಅವನೊಬ್ಬನೇ ಕೇಳಿಸಿಕೊಂಡದ್ದಲ್ಲ. ನಾನೂ ಅಲ್ಲೇ ಮಂಚದ ಮೇಲಿದ್ದೆ. ನನ್ನನ್ನು ಬಿಟ್ಟು ಓಡಿಹೋಗಲು ನನಗೆ ಯಾವ ಹಡಗೂ ಇರಲಿಲ್ಲ. ಮೊಲೆ ಹಾಲು ಹಿಂಡಿ ಬಚ್ಚಲಿಗೆ ಚೆಲ್ಲಿ, ಮಗು ಹೋದ ಒಂಬತ್ತನೇ ದಿನಕ್ಕೆ ಸಂಘದ ಬಾಗಿಲು ತೆಗೆದೆ.

೧೮ ಫೆಬ್ರವರಿ, ಮಂಗಳವಾರ

ಬ್ಯಾಗು ಬಂತು. ಬೇಳೆ ಡಬ್ಬಿಯ ಮುಚ್ಚಳ ಬಿಟ್ಟುಕೊಂಡು ಸೀರೆಗೆಲ್ಲ ಎಣ್ಣೆ. ಬಚ್ಚಲಿನಲ್ಲಿ ಕೂತು ಎಲ್ಲ ಒಗೆದೆ. ಅವನಿಗೆ ತಂದ ಶರಟನ್ನೂ ಒಗೆದೆ. ಒಗೆಯುತ್ತಾ ಅತ್ತೆ, ಬೇಕಾದಷ್ಟು.

ವಾಪಸ್ ಹೋಗಿಬಿಡಲಾ ಎಂದು ಅಮ್ಮಾಜಮ್ಮನನ್ನು ಕೇಳಿದೆ. ಆಗ ಎಲ್ಲ ಹೇಳಿದೆ. ಅವಳು ಅವನನ್ನು ಬೈಯುತ್ತಾಳೆ ಎಂದುಕೊಂಡಿದ್ದೆ, ಬೈಯಲಿಲ್ಲ.

'ನಿನ್ಗೆ ಏನ್ ಬೇಕು ಡೀ?' ಅಂದಳು. 'ಅವ್ನಿಗೆ ಏನ್ ಬೇಕು, ನಿಮ್ಮಮ್ಮಂಗೆ ಏನ್ ಬೇಕು, ಅದು ಬಿಡು. ಉನಕ್ಕು ಎನ್ನ ವೇಣುಂ?'

ಇದನ್ನು ಇದುವರೆಗೆ ಯಾರೂ ಕೇಳಿರಲಿಲ್ಲ. ಉತ್ತರ ಹುಡುಕಿದರೆ ಸಿಗಲೇ ಇಲ್ಲ. ಸಂಜೆ ಇಬ್ಬರೂ ಮೆಟ್ರೋ ರೈಲು ಹತ್ತಿ ಸುಮ್ಮನೆ ಕೊನೆಯ ಸ್ಟೇಷನ್ನಿನವರೆಗೆ ಹೋಗಿ ಬಂದೆವು. ನಮ್ಮ ರೈಲಿನ ಹಾಗೆ ತಳ್ಳಾಟ ಇಲ್ಲ. ಬರುವಾಗ ಅವಳಿಗೆ ಮಂಡಿ ನೋವು. ಓಡುವ ಮೆಟ್ಟಿಲ ಮೇಲೆ ಕೈ ಹಿಡಿದು ನಾನೇ ಹತ್ತಿಸಿದೆ.

೧೯ ಫೆಬ್ರವರಿ, ಬುಧವಾರ. ಹಡಗಿನಿಂದ

ಬೆಳಿಗ್ಗೆ ಸ್ನಾನಕ್ಕೆ ಹೋದಾಗ ತಾಳಿ ತೆಗೆದೆ. ಅವನು ತೆಗೆ ಅಂದದ್ದಕ್ಕೆ ಅಲ್ಲ. ಅವನು ಅಂದದ್ದಕ್ಕೇ ಆಗಿದ್ದರೆ ಬೇಕೆಂದೇ ಎದೆಯ ಮೇಲೆ ಎದ್ದು ಕಾಣುವಂತೆ ಹಾಕಿಕೊಂಡು ಹೋಗುತ್ತಿದ್ದೆ. ಕತ್ತಿನ ಸುತ್ತ ಒಂದು ತೆಳ್ಳನೆಯ ಬಿಳಿ ಗೆರೆ ಉಳಿದಿತ್ತು. ಕನ್ನಡಿಯಲ್ಲಿ ನೋಡಿ ಸೋಪು ಹಾಕಿ ಉಜ್ಜಿದೆ, ಹೋಗಲಿಲ್ಲ.

ಅಮ್ಮಾಜಮ್ಮ ನೋಡಿದಳು. ಅವಳ ಮುಖ ಚಿಕ್ಕದಾಯಿತು. 'ನನ್ ತಾಳಿ ತೆಗೆಯೋವಾಗ ಎಂಟ್ ಜನ ಇಡ್ಕೊಂಡಿದ್ರು ನನ್ನ. ನೀನ್ ಒಬ್ಳೇ ತೆಗ್ದೆಯಾ?'

'ಇವ್ನು ಬದ್ಕೇ ಅವ್ನಲ್ಲ ಅಮ್ಮಾಜಮ್ಮ, ಅದಕ್ಕೇ ಸುಲಭ' ಎಂದೆ. ಸುಲಭವಾಗಿರಲಿಲ್ಲ.

ಬಂದರಿನ ಕಟ್ಟಡ ವಿಮಾನ ನಿಲ್ದಾಣದಷ್ಟೇ ದೊಡ್ಡದು. ಗಾಜಿನ ಆಚೆ ಹಡಗು ನಿಂತಿತ್ತು. ಹಡಗು ಎನ್ನುವುದಕ್ಕಿಂತ ಊರನ್ನೇ ಎತ್ತಿ ನೀರಿನ ಮೇಲಿಟ್ಟಿದ್ದಾರೆ ಅನ್ನಬೇಕು. ಕೌಂಟರಿನ ಹುಡುಗ ಪಾಸ್‌ಪೋರ್ಟಿನ ಮೊದಲ ಪುಟ ನೋಡಿದ. ಕೊನೆಯ ಪುಟದಲ್ಲಿ ಗಂಡನ ಹೆಸರಿನ ಜಾಗದಲ್ಲಿ ಅವನ ಹೆಸರಿದೆ, ಅಲ್ಲಿಗೆ ಹೋಗಲಿಲ್ಲ. ಹಡಗಿನಲ್ಲಿರುವವರು ನಿಮಗೇನಾಗಬೇಕು ಎಂದು ಕೇಳಿದ.

ಒಂದು ಕ್ಷಣ. ವೈಫ್ ಅನ್ನುವ ಇಂಗ್ಲಿಷು ನನಗೂ ಬರುತ್ತದೆ. ಅಂದಿದ್ದರೆ ಎಂಟು ವರ್ಷದ ಸುಳ್ಳು ಬರವಣಿಗೆ ಹೊರಗೆ ಬರುತ್ತಿತ್ತು, ಅವನ ಕೆಲಸಕ್ಕೇ ಸಂಚಕಾರ. ಅಮ್ಮನ ತಮ್ಮ ಕೆಲಸ ಕಳೆದುಕೊಂಡು ಮನೆಗೆ ಬರುತ್ತಿದ್ದ, ಮತ್ತೆ ಅದೇ ಬೇರೆ ಚಾಪೆಗೆ. ಹಾಗೆ ಬಂದವನು ನನಗೆ ಬೇಕಾ ಎಂದು ಕೇಳಿಕೊಂಡೆ. ನಿನ್ನೆ ಸಿಗದ ಉತ್ತರ ಆ ಕೌಂಟರಿನ ಮುಂದೆ ಸಿಕ್ಕಿತು. ಬೇಡ.

'ಮದರ್ಸ್ ಬ್ರದರ್' ಎಂದೆ. ಅಮ್ಮನ ತಮ್ಮ. ಅವನು ಮುದ್ರೆ ಒತ್ತಿದ.

ಒಳಗೆ ಹೋದರೆ ಹಗ್ಗದ ಆಚೆ ಬಿಳಿ ಸಮವಸ್ತ್ರದವರ ಸಾಲು. ಸೆಲ್ವರಾಜ್ ಓಡಿಬಂದು ತಾಯಿಯನ್ನು ಎತ್ತಿಕೊಂಡೇಬಿಟ್ಟ. ಅವನ ಹಿಂದೆ, ದೂರದಲ್ಲಿ, ಕಂಬದ ಪಕ್ಕ ಆ ಇನ್ನೊಬ್ಬ, ಅಮ್ಮನ ತಮ್ಮ. ತಲೆ ಮುಂದೆ ನೆರೆತಿದೆ. ನನ್ನನ್ನು ಹುಡುಕುತ್ತಿದ್ದಾನೆ, ಕಾಣುತ್ತಿಲ್ಲ. ಮಧ್ಯೆ ನೂರಾರು ಜನ, ಎಂತೆಂಥದೋ ಭಾಷೆ.

'ಆದಿ ಮಾವಾ!'

ಹದಿನಾಲ್ಕು ವರ್ಷ ಬೀಗ ಹಾಕಿದ್ದ ಬಾಯಿ. ಎಷ್ಟು ಜೋರಾಗಿ ಬಂತು ಎಂದರೆ ಸುತ್ತಲಿನವರು ತಿರುಗಿ ನೋಡಿದರು. ಅವನೂ ತಿರುಗಿದ. ನನ್ನ ಬರಿಗತ್ತು ನೋಡಿದ. ಮುಖದ ಮೇಲೆ ಸಮಾಧಾನ ಬಂತು. ಹೇಳಿದ ಹಾಗೆ ಕೇಳಿದ್ದಾಳೆ ಎಂದುಕೊಂಡ.

ಹತ್ತಿರ ಬಂದು ಮೆಲ್ಲಗೆ 'ಒಳ್ಳೇ ಕೆಲ್ಸ ಮಾಡ್ದೆ ಮುನೀ. ಊರಿಗೋದ್ಮೇಲೆ ಆಕ್ಕೊಂಡ್ರಾಯ್ತು' ಅಂದ.

ಕರ್ಚೀಫಿನಲ್ಲಿ ಕಟ್ಟಿದ್ದ ತಾಳಿಯನ್ನು ಅವನ ಅಂಗೈಯಲ್ಲಿಟ್ಟು ಬೆರಳು ಮಡಚಿದೆ. 'ನೀನೇ ಇಟ್ಕೋ ಮಾವ' ಎಂದೆ.

ನೀನು ಅಂದದ್ದು ಕೇಳಿದಾಗ ಅವನಿಗೆ ಅರ್ಥವಾಯಿತು. 'ಅಕ್ಕಂಗೆ ಏನ್ ಏಳ್ಲಿ?' ಅಂದ. ನಲವತ್ತೈದು ವರ್ಷದ ಗಂಡಸು, ಮಡಕೆ ಒಡೆದ ಹುಡುಗನ ಹಾಗೆ ನಿಂತಿದ್ದ.

'ಎಂಟ್ ವರ್ಸದಿಂದ ಬರ್ಕೊಂಡು ಬಂದಿದ್ದೀಯಲ್ಲ, ಅದನ್ನೇ ಏಳು. ನಿನ್ ತಮ್ಮ ಎಲ್ಲೂ ಓಗಲ್ಲ, ನಿನ್ ಮಗ್ಳಿಗೆ ಮಾತ್ರ ಗಂಡ ಇಲ್ಲ ಅಂತ ಏಳು. ನಾನ್ ಏಳಲ್ಲ. ನೀನೇ ಏಳ್ಬೇಕು, ಇವತ್ತೇ.'

ಬೇಳೆ ಡಬ್ಬಿಯನ್ನೂ ಕೊಟ್ಟೆ. ಅರ್ಧ ಚೆಲ್ಲಿಹೋಗಿದೆ, ಅಮ್ಮ ಮಾಡಿದ್ದು ಎಂದೆ. ಅದನ್ನು ಎದೆಗೆ ಅವುಚಿಕೊಂಡು ಅತ್ತ. ಅವನ ಮೇಲೆ ನನಗೆ ಸಿಟ್ಟು ಇನ್ನೂ ಇದೆ. ಬಹಳ ದಿನ ಇರುತ್ತದೆ. ಆದರೆ ತಲೆ ನೇವರಿಸಿದೆ. ಚಿಕ್ಕಂದಿನಲ್ಲಿ ಅವನ ಹೆಗಲ ಮೇಲೆ ಕೂತು ಹಿಡಿದುಕೊಳ್ಳುತ್ತಿದ್ದ ತಲೆ.

ಈಗ ಮೇಲಿನ ಅಂತಸ್ತಿನಲ್ಲಿ ಕೂತು ಬರೆಯುತ್ತಿದ್ದೇನೆ. ಹಡಗು ಇನ್ನೂ ಬಿಟ್ಟಿಲ್ಲ. ಅಮ್ಮಾಜಮ್ಮ ತಟ್ಟೆ ತುಂಬ ಏನೇನೋ ತಂದು ಯಾವುದರಲ್ಲಿ ದನದ ಮಾಂಸ ಇದೆ, ಯಾವುದರಲ್ಲಿ ಇಲ್ಲ ಎಂದು ಕೇಳಿ ಮಗನ ಪ್ರಾಣ ತಿನ್ನುತ್ತಿದ್ದಾಳೆ.

ಸ್ವಲ್ಪ ಮುಂಚೆ ಮಾವ ಬಂದು ಹೋದ. ಕಣ್ಣು ಕೆಂಪಗಿತ್ತು. ಫೋನ್ ಮಾಡಿದೆ ಅಂದ. ಸಂಜೆ ಹಾಲಿನ ಹೊತ್ತು, ಅಮ್ಮ ಕೊಟ್ಟಿಗೆಯಲ್ಲಿದ್ದಳಂತೆ. ಎಲ್ಲ ಹೇಳಿದನಂತೆ, ಆಸ್ಪತ್ರೆಯ ಮಾತು, ಪಾಸಿನ ಮಾತು, ತಾಳಿಯ ಮಾತು. ಅಳುತ್ತಾಳೆ, ಶಾಪ ಹಾಕುತ್ತಾಳೆ, ತಮ್ಮಾ ಎಂದು ಗೋಗರೆಯುತ್ತಾಳೆ ಎಂದು ಇವನು ಕಾದನಂತೆ.

'ಏನಂದ್ಳು?' ಎಂದು ಕೇಳಿದೆ.

'ಮುನಿ ಉಂಡ್ಳಾ ಅಂತ ಕೇಳಿದ್ಳು' ಅಂದ.